ಕೈಯ ತಪ್ಪೊ, ಕಾವಿನ ತಪ್ಪೊ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಬೆಸುಗೆಯ ಉಪಕರಣದ ಮಾತೆತ್ತಿದರೆ ಕೇಳುಗರಿಗೆ ಸೋಜಿಗವೆನಿಸೀತು. ನಾನಿರುವುದು ರಾಜಾಜಿನಗರದಲ್ಲಿ. ಇಲ್ಲಿಯ ಕೈಗಾರಿಕಾ ಬಡಾವಣೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸಣ್ಣ ಕಾರ್ಖಾನೆಯಿದೆ. ಸಂಜೆ ತಿರುಗಾಡಲು ಹೋದಾಗ ಒಮ್ಮೊಮ್ಮೆ ಅಲ್ಲಿ ಕೂರುವುದುಂಟು.

ಒಂದು ಸಂಜೆ ಅವನ ಮುಖ ಕಳೆಗುಂದಿತ್ತು. ಕಳುಹಿಸಿದ ಎಲೆಕ್ಟ್ರಾನಿಕ್ ಬೋರ್ಡುಗಳು ಬೆಸುಗೆ ಬಿಟ್ಟು ಹಿಂದಿರುಗಿದ್ದವು. ಬೆಸುಗೆ ಹಾಕಿದಾಕೆ ಅಲ್ಲಿ ಹದಿನೈದು ವರ್ಷ ದುಡಿದವರು. ಅವರ ಕೈ ಸೋತಿದೆ, ಇನ್ನು ಬಿಡಿಸಬೇಕೆಂದು ಇವನ ಎಣಿಕೆ. ಆಕೆ ಹೇಳಿದ್ದು ಇಷ್ಟೆ: "ಕೈ ಅದೇ ಸಾರ್, ಕಾವು ಮೊದಲಿನ ಹಾಗಿಲ್ಲ." ಆದರೆ ಉಪಕರಣದ ಅಂಕಿ 350 ಡಿಗ್ರಿ ಎನ್ನುತ್ತಿತ್ತು. ಯಾರ ಮಾತನ್ನು ನಂಬಬೇಕು?

ಸಾಲ್ಡರಿಂಗ್ ಐರನ್ನಿನಲ್ಲಿ ಕಾವನ್ನು ಅಳೆಯುವ ಭಾಗ ಒಳಗೆ, ಕಾಯಿಸುವ ಸುರುಳಿಯ ಬಳಿ ಇರುತ್ತದೆ. ಕೆಲಸ ನಡೆಯುವುದು ಹೊರಗಿನ ತುದಿಯಲ್ಲಿ. ತುದಿ ಕಪ್ಪಗೆ ಕಿಲುಬಿದ್ದರೆ, ಇಲ್ಲವೆ ಸಡಿಲವಾಗಿ ಕೂತರೆ, ಒಳಗಿನ ಕಾವು ಹೊರಗೆ ಪೂರ್ತಿಯಾಗಿ ಬರುವುದಿಲ್ಲ. ತವರ 63 ಪಾಲು, ಸೀಸ 37 ಪಾಲು ಬೆರೆತ ಬೆಸುಗೆ 183 ಡಿಗ್ರಿಗೇ ಕರಗುವುದು ನಿಜ. ಆದರೆ ಕೆಳಗಿನ ತಾಮ್ರವೂ ಕಾಯದಿದ್ದರೆ ಅದು ಕೂಡಿದಂತೆ ಕಂಡೂ ಕೂಡಿರುವುದಿಲ್ಲ.

ತುದಿಯ ಕಾವನ್ನು ನೇರವಾಗಿ ಅಳೆಯುವ ಥರ್ಮಾಮೀಟರೊಂದನ್ನು ಅವನು ಎರವಲು ತಂದ. ಅದನ್ನಾದರೂ ನಂಬುವುದು ಹೇಗೆ? ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದು ಸೊನ್ನೆ ತೋರಿತು. ಕುದಿಯುವ ನೀರಿನಲ್ಲಿ 97! ಮೂರು ಡಿಗ್ರಿ ಕಡಿಮೆ ತೋರುತ್ತದೆಂದು ಅದನ್ನೂ ತಿದ್ದಲು ಹೊರಟ. ನಾನು ತಡೆದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ನೂರು ಎಂಬುದು ಕಡಲತೀರದ ಮಾತು. ಇಷ್ಟರಿಂದ 350ರ ಬಳಿಯೂ ಅದು ಸರಿಯೆನ್ನಲಾಗದು. ಅದಕ್ಕೆ ಪರೀಕ್ಷಾಲಯದ ಪ್ರಮಾಣಪತ್ರ ಬೇಕು. ಅಂಥ ಪರೀಕ್ಷಾಲಯಗಳ ಅಳತೆಯ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುತ್ತದೆ. ಎರವಲು ತಂದದ್ದಕ್ಕೆ ಪತ್ರವಿತ್ತು.

ಅಳೆದಾಗ ತುದಿಯಲ್ಲಿದ್ದದ್ದು 305 ಡಿಗ್ರಿ. ಕೂಡಲೇ ತಿರುಪು ತಿರುಗಿಸಲಿಲ್ಲ. ಮೊದಲು ತುದಿಯನ್ನು ಒರೆಸಿ, ಪಾತ್ರೆಗೆ ಕಲಾಯಿ ಹಾಕುವಂತೆ ಹೊಸ ಬೆಸುಗೆ ಬಳಿದು, ಬಿಗಿಯಾಗಿ ಕೂರಿಸಿ, ಕಾವು ನಿಲ್ಲುವವರೆಗೆ ಕಾದೆವು. 320ಕ್ಕೆ ಏರಿತು. ಉಳಿದದ್ದು 30. ಉಪಕರಣವನ್ನು 250ಕ್ಕೆ ಇಟ್ಟು ನೋಡಿದರೆ ಅಲ್ಲಿಯೂ ಸುಮಾರು ಅಷ್ಟೇ ಕೊರತೆ. ಎರಡು ಕಡೆಯೂ ಕೊರತೆ ಒಂದೇ ಆಗಿದ್ದರಿಂದ ತಿರುಪಿನಿಂದ ಒಂದೇ ಸಲ ತಿದ್ದಿದರೆ ಸಾಕಾಯಿತು. ಬೇರೆ ಬೇರೆಯಾಗಿದ್ದರೆ ಒಂದು ಕಡೆ ಸರಿಪಡಿಸಿದ್ದು ಇನ್ನೊಂದು ಕಡೆ ತಪ್ಪುತ್ತಿತ್ತು.

ಹಳೆಯ ಓಲೆಪ್ರತಿಗಳನ್ನು ತಾಳೆ ನೋಡುವಾಗಲೂ ಇದೇ ಎಚ್ಚರ ಬೇಕು. ಲಿಪಿಕಾರನನ್ನು ದೂರುವ ಮುನ್ನ, ಯಾವ ಪ್ರತಿಗೆ ಹೋಲಿಸಿ ದೂರುತ್ತಿದ್ದೇವೆಯೋ ಅದು ಶುದ್ಧವೆ ಎಂದು ನೋಡಬೇಕು. ತರಗತಿಯಲ್ಲಿ ಇದನ್ನು ಹೇಳಿದವನು ನಾನು, ಕೇಳಿದವನು ಅವನು. ಆ ಸಂಜೆ ಇಬ್ಬರಿಗೂ ಅದು ತಡವಾಗಿ ನೆನಪಾಯಿತು.

ಮರುದಿನದ ಬೆಸುಗೆಗಳು ಹೊಳೆಯುತ್ತಿದ್ದವು. ಆಕೆ ಅದೇ ಮೇಜಿನಲ್ಲಿದ್ದಾರೆ. ಎದುರಿನ ಗೋಡೆಯ ಮೇಲೆ ಕಾವು ಅಳೆದ ತಾರೀಖು, ತೋರಿದ ಅಂಕಿ, ತಿದ್ದಿದ ಅಂಕಿಗಳ ಒಂದು ಹಾಳೆಯಿದೆ, ಬರೆಯುವವರು ಅವರೇ.