ರೇಷ್ಮೆಗೂಡಿನ ಕಡುಬು, ಸಂಕ್ರಾಂತಿಯ ಕಿಚ್ಚು

ಜನವರಿ ತಿಂಗಳ ನಡುವಿನ ದಿನಗಳು. ಮಾಗಡಿ ಕಡೆಯಿಂದ ಬರುವ ಬಸ್ಸುಗಳಲ್ಲಿ ಸೊಗಡವರೆಯ ಮೂಟೆಗಳದೇ ಘಮಲು. ರಾಮನಗರ-ಚನ್ನಪಟ್ಟಣದ ನಡುವಿನ ಕೆಂಗಲ್ಲಿನಲ್ಲಿ ದನಗಳ ಜಾತ್ರೆಯ ಮಾತು. ಕನಕಪುರದ ಹಳ್ಳಿಗಳಲ್ಲಿ ಎತ್ತುಗಳ ಕೊಂಬು ಹೆರೆದು ಬಣ್ಣ ಬಳಿಯುವ ಸಡಗರ. ಸಂಕ್ರಾಂತಿ ಬಂತು!

ಅದೇ ದಿನಗಳಲ್ಲಿ, ಸಾವಿರಾರು ಮೈಲಿ ಆಚೆ, ಜಪಾನಿನ ಗುನ್ಮ, ನಾಗಾನೊ, ಯಮನಾಶಿ ಪ್ರಾಂತಗಳಲ್ಲಿ ಮೈ ಕೊರೆಯುವ ಚಳಿ. ಅಲ್ಲಿನ ಹಳ್ಳಿಗಳಲ್ಲಿ ದೊಡ್ಡವರು, ಮಕ್ಕಳು ಒಟ್ಟಿಗೆ ಕೂತು ಅಕ್ಕಿ ಹಿಟ್ಟು ನಾದಿ ಪುಟ್ಟ ಪುಟ್ಟ ಉಂಡೆ ಕಟ್ಟುತ್ತಾರೆ. ಬೆಂದ ಉಂಡೆಗಳನ್ನು ಎಲೆಯುದುರಿದ ಕೊಂಬೆಯೊಂದರ ಕಡ್ಡಿಗಳಿಗೆ ಒಂದೊಂದಾಗಿ ಸಿಕ್ಕಿಸುತ್ತಾರೆ. ಬೋಳು ಕೊಂಬೆಯ ತುಂಬ ಬಿಳಿ, ತಿಳಿಗುಲಾಬಿ ಬಣ್ಣದ ಕಾಯಿ ಬಿಟ್ಟ ಹಾಗೆ ಕಾಣುತ್ತದೆ. ಅದನ್ನು ಮನೆಯೊಳಗೆ ನಿಲ್ಲಿಸುತ್ತಾರೆ. ಇದರ ಹೆಸರು ‘ಮಯುದಾಮ’. ಕನ್ನಡದಲ್ಲಿ ಹೇಳುವುದಾದರೆ ‘ರೇಷ್ಮೆಗೂಡಿನ ಉಂಡೆ’.

ರೇಷ್ಮೆ ಸಾಕುವ ಮನೆಯ ಮಗುವಿಗೆ ಆ ಕೊಂಬೆಯನ್ನು ತೋರಿಸಿದರೆ ವಿವರಣೆಯೇ ಬೇಕಾಗದು. ಚಂದ್ರಿಕೆಯ ತುಂಬ ಹುಳು ಗೂಡು ಕಟ್ಟಿದಾಗ ಕಾಣುವುದೂ ಹೆಚ್ಚು ಕಡಿಮೆ ಹೀಗೆಯೇ! ‘ಈ ವರ್ಷ ನಮ್ಮ ಮನೆಯ ಗೂಡೂ ಹೀಗೆ ತುಂಬಿ ಬರಲಿ’ ಎಂಬುದೇ ಆ ಉಂಡೆಗಳ ಹಿಂದಿನ ಹರಕೆ.

ಒಂದೇ ಹುಳು, ಎರಡು ನಾಡು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರು ಯಾವುದಾದರೇನು, ಈ ಸೀಮೆಯ ಅನೇಕ ಮನೆಗಳ ಒಲೆ ಉರಿಯುವುದು ಹಿಪ್ಪುನೇರಳೆ ಸೊಪ್ಪಿನಿಂದ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಇರುವುದು ರಾಮನಗರದಲ್ಲಿ.

ಈ ಕಸುಬಿಗೂ ಜಪಾನಿಗೂ ಹಳೆಯ ನಂಟು. ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಹದಿನೆಂಟನೆಯ ಶತಮಾನದಲ್ಲಿ ಒತ್ತಾಸೆ ಕೊಟ್ಟವನು ಟಿಪ್ಪು ಸುಲ್ತಾನ. ನೂರು ವರ್ಷದ ನಂತರ ಜಮ್‌ಶೆಟ್ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆರೆದು ಜಪಾನಿನ ತಜ್ಞರನ್ನು ಕರೆಸಿದರು. ಬಸವನಗುಡಿಯ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಅದರ ಗುರುತು. 1991ರಿಂದ ಜಪಾನ್ ಸರ್ಕಾರದ ನೆರವಿನ ಯೋಜನೆಯೊಂದು ಕರ್ನಾಟಕದಲ್ಲಿ ದ್ವಿತಳಿ ರೇಷ್ಮೆಯನ್ನು ಬೆಳೆಸಲು ಕೈಹಾಕಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಜಪಾನಿ ತಳಿಗಳ ಗುಣ ಹೊತ್ತ ಹೊಸ ತಳಿಗಳು ಹುಟ್ಟಿದವು. ಇಂದು ಈ ಭಾಗದ ಮಾರುಕಟ್ಟೆಗೆ ಬರುವ ಹಳದಿ ಮಿಶ್ರತಳಿ ಗೂಡಿಗೆ ತಾಯಿ ಮೈಸೂರು ತಳಿಯಾದರೆ, ತಂದೆ ಆ ದ್ವಿತಳಿ ವಂಶದ್ದು. ಹುಳುವಿನ ಲೆಕ್ಕದಲ್ಲಿ ಎರಡೂ ನಾಡುಗಳು ಬೀಗರೇ ಸರಿ!

ಹುಳುವಿಗೆ ಹಬ್ಬದ ರಜೆ ಇಲ್ಲ

ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವ ಹೊತ್ತಿಗೆ ಸುಮಾರು 4 ವಾರ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಹಳ್ಳಿಯ ಮಾತಿನಲ್ಲಿ ಅದು ‘ಜ್ವರ’. ನಾಲ್ಕನೆಯ ಜ್ವರ ಎದ್ದ ಮೇಲೆ ಶುರುವಾಗುತ್ತದೆ ಹಸಿವು. ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಹುಳು ಆ ಒಂದು ವಾರದಲ್ಲೇ ಮುಗಿಸುತ್ತದೆ. ರಾತ್ರಿ ಹುಳದ ಮನೆಯಲ್ಲಿ ಕಿವಿಗೊಟ್ಟರೆ ಹೆಂಚಿನ ಮೇಲೆ ಸಣ್ಣ ಮಳೆ ಸುರಿದ ಸದ್ದು.

ಈ ವಾರದಲ್ಲಿ ಹಬ್ಬ ಬಂದರೆ? ಹುಳು ಕಾಯುವುದಿಲ್ಲ. ಸೊಪ್ಪು ಕೊಯ್ದು ಹಾಕಿ ಬಂದ ಮೇಲೆಯೇ ಒಬ್ಬಟ್ಟಿನ ಒಲೆ. ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವ ದಿನವಂತೂ ಮನೆಮಂದಿಯೆಲ್ಲ ಅಲ್ಲೇ. ಗೂಡು ಬಿಡಿಸಿದ ಮೇಲೂ ನಿಶ್ಚಿಂತೆಯಿಲ್ಲ. ದಿನ ಕಳೆದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ನೂಲು ಹಾಳು. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸಾವಿರ ಮೀಟರಿಗೂ ಮಿಕ್ಕಿದ ಒಂದೇ ಎಳೆ ಇರುತ್ತದೆ. ಅದು ತುಂಡಾಗಬಾರದೆಂದರೆ ಹುಳು ಒಳಗೇ ಸಾಯಬೇಕು.

ಈ ಋಣವನ್ನು ಜಪಾನಿನ ರೈತರು ಮರೆಯಲಿಲ್ಲ. ಅವರು ಹುಳುವನ್ನು ಬಹುವಚನದಲ್ಲಿ, ಹಿರಿಯರನ್ನು ಕರೆದಂತೆ ‘ಒಕಾಇಕೊ ಸಾಮ’ ಎಂದು ಕರೆದರು. ಸತ್ತ ಹುಳುಗಳ ನೆನಪಿಗೆ ಊರೂರಿನಲ್ಲಿ ಕಲ್ಲು ನೆಟ್ಟರು. ಇಲ್ಲಿಯೂ ಚಪ್ಪಲಿ ಕಳಚದೆ, ಕೈಕಾಲು ತೊಳೆಯದೆ ಹುಳದ ಮನೆಗೆ ಹೋಗುವಂತಿಲ್ಲ. ಸೋಂಕಿನ ಭಯವೂ ಹೌದು, ಮರ್ಯಾದೆಯೂ ಹೌದು.

ಬೆಂಕಿಯ ಮುಂದೆ ಎರಡೂ ಊರು

ಸಂಕ್ರಾಂತಿಯ ದಿನ ಇಲ್ಲಿನ ಹಳ್ಳಿಗಳಲ್ಲಿ ಮೊದಲ ಉಪಚಾರ ದನಗಳಿಗೆ. ಕೆರೆಯಲ್ಲಿ ಮೈ ತೊಳೆದು, ಕೊಂಬಿಗೆ ಬಣ್ಣ, ಕೊರಳಿಗೆ ಹೂವು, ಬಾಯಿಗೆ ಹುಗ್ಗಿ. ಮನುಷ್ಯರಿಗೆ ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು; ಜೊತೆಗೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಬ್ಬಿನ ಜಲ್ಲೆ. ಪುಟ್ಟ ಮಕ್ಕಳಿಗೆ ದೃಷ್ಟಿ ತಾಕದಿರಲೆಂದು ಎಲಚಿಹಣ್ಣು, ಕಬ್ಬಿನ ಚೂರು, ಕಾಸು ಬೆರೆಸಿ ತಲೆಯ ಮೇಲೆ ಎರೆಯುತ್ತಾರೆ. ಸಂಜೆ ಊರ ಮುಂದೆ ಹುಲ್ಲು ಹರಡಿ ಬೆಂಕಿ ಹಚ್ಚಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಮೈಗೆ ಅಂಟಿದ ಉಣ್ಣೆ, ಕ್ರಿಮಿ ಉದುರುತ್ತವೆಂದು ಹಿರಿಯರು ಹೇಳುತ್ತಾರೆ. ಕೇಡು ಸುಟ್ಟು ಹೋಗುತ್ತದೆಂಬ ನಂಬಿಕೆಯೂ ಉಂಟು.

ಜಪಾನಿನಲ್ಲಿ ಜನವರಿ 15ರ ಆಸುಪಾಸು ‘ಕೊಶೋಗತ್ಸು’, ಅಂದರೆ ಕಿರಿಯ ಹೊಸವರ್ಷ. 1873ರಲ್ಲಿ ಅಲ್ಲಿ ಇಂಗ್ಲಿಷ್ ಕ್ಯಾಲೆಂಡರ್ ಜಾರಿಗೆ ಬರುವ ಮೊದಲು ಇದು ವರ್ಷದ ಮೊದಲ ಹುಣ್ಣಿಮೆಯ ಹಬ್ಬ. ಈಗ ನಮ್ಮ ಸಂಕ್ರಾಂತಿಯ ಮಗ್ಗುಲಿಗೇ ಬೀಳುವುದು ಆಕಸ್ಮಿಕ. ಅಂದು ಕೆಂಪು ಕಾಳು ಹಾಕಿದ ಅಕ್ಕಿ ಗಂಜಿ ಕುಡಿಯುತ್ತಾರೆ. ಹೊಸವರ್ಷಕ್ಕೆ ಬಾಗಿಲಿಗೆ ಕಟ್ಟಿದ್ದ ಪೈನ್, ಬಿದಿರು, ಹುಲ್ಲಿನ ಅಲಂಕಾರಗಳನ್ನು ಬಯಲಿನಲ್ಲಿ ರಾಶಿ ಹಾಕಿ ಸುಡುತ್ತಾರೆ. ಅದು ‘ದೊಂದೊಯಾಕಿ’. ರೇಷ್ಮೆಗೂಡಿನ ಉಂಡೆಗಳನ್ನು ಮಕ್ಕಳು ಕೋಲಿಗೆ ಸಿಕ್ಕಿಸಿ ಆ ಕೆಂಡದಲ್ಲೇ ಸುಟ್ಟು ತಿನ್ನುತ್ತಾರೆ. ತಿಂದವರಿಗೆ ವರ್ಷವಿಡೀ ನೆಗಡಿ-ಜ್ವರ ಬಾರದಂತೆ!

ಅಡುಗೆಯಲ್ಲೂ ಹೋಲಿಕೆ ಸಿಗುತ್ತದೆ. ಅಲ್ಲಿನ ಹೊಸವರ್ಷಕ್ಕೆ ‘ಮೋಚಿ’ ಬೇಕೇ ಬೇಕು. ಬೆಂದ ಅಂಟಕ್ಕಿಯನ್ನು ಒರಳಿಗೆ ಹಾಕಿ ಒಬ್ಬರು ಮರದ ಸುತ್ತಿಗೆಯಿಂದ ಕುಟ್ಟಿದರೆ, ಇನ್ನೊಬ್ಬರು ಪೆಟ್ಟಿನ ಸಂದಿನಲ್ಲಿ ಕೈ ಹಾಕಿ ಮಗುಚುತ್ತಾರೆ. ತಾಳ ತಪ್ಪಿದರೆ ಬೆರಳಿಗೇ ಪೆಟ್ಟು. ನಮ್ಮ ರಾಗಿ ಮುದ್ದೆಗೂ ಕೋಲು ಹಿಡಿದು ಗಂಟಿಲ್ಲದಂತೆ ತೊಳಸುವ ಕೈ ಬೇಕು. ಒಂದು ವ್ಯತ್ಯಾಸವನ್ನು ಮಕ್ಕಳು ನೆನಪಿಡಬೇಕು: ಮುದ್ದೆಯನ್ನು ನುಂಗಬೇಕು, ಮೋಚಿಯನ್ನು ನುಂಗಬಾರದು! ಚೆನ್ನಾಗಿ ಅಗಿಯದಿದ್ದರೆ ಅದು ಗಂಟಲಿಗೆ ಅಂಟಿಕೊಳ್ಳುತ್ತದೆ.

ಗೊಂಬೆಗೂ ಹಿರಿಯರಿಗೂ ಎಡೆ

ಚನ್ನಪಟ್ಟಣದ ಅರಗಿನ ಗೊಂಬೆಗಳ ಕತೆಯಲ್ಲೂ ಜಪಾನ್ ಬರುತ್ತದೆ. ಅಲ್ಲಿನ ಕುಶಲತೆಯನ್ನು ತಂದು ಇಲ್ಲಿನ ಕಸುಬುದಾರರಿಗೆ ಕಲಿಸಿದವರೆಂದು ಊರು ಬಾವಾಸ್ ಮಿಯಾ ಅವರನ್ನು ನೆನೆಯುತ್ತದೆ. ಜಪಾನಿನಲ್ಲಿ ಮಾರ್ಚ್ 3 ಹೆಣ್ಣುಮಕ್ಕಳ ಗೊಂಬೆ ಹಬ್ಬ. ಮೆಟ್ಟಿಲುಗಳ ಮೇಲೆ ರಾಜ, ರಾಣಿ, ಪರಿವಾರವನ್ನು ಕೂರಿಸಿ ಮೂರು ಬಣ್ಣದ ಮೋಚಿ ಇಡುತ್ತಾರೆ. ನಮ್ಮ ದಸರಾ ಗೊಂಬೆಗಳ ಮುಂದೆಯೂ ಅದೇ ಮೆಟ್ಟಿಲು, ರಾಜ-ರಾಣಿ, ಆರತಿಯಾದ ಮೇಲೆ ನೆರೆಮನೆಯ ಮಕ್ಕಳ ಕೈಗೆ ಚರ್ಪು.

ಹಿರಿಯರ ಹಬ್ಬವೂ ಎರಡೂ ಕಡೆ ಉಂಟು. ಮಹಾಲಯ ಅಮಾವಾಸ್ಯೆಗೆ ಇಲ್ಲಿ ಹೊಸ ಬಟ್ಟೆ ಇಟ್ಟು, ಬಾಳೆಎಲೆಯ ಮೇಲೆ ತೀರಿಹೋದವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸುತ್ತಾರೆ. ವಡೆ, ಕಜ್ಜಾಯ, ಮಾಂಸ ಉಣ್ಣುವ ಮನೆಗಳಲ್ಲಿ ಬಾಡಿನ ಸಾರು. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದು ಕೊಂಚ ಹೊತ್ತು ನಿಲ್ಲುತ್ತಾರೆ. ಹಿರಿಯರು ನೆಮ್ಮದಿಯಾಗಿ ಉಣ್ಣಲಿ ಎಂದು. ಜಪಾನಿನ ಅನೇಕ ಕಡೆ ಆಗಸ್ಟ್ ನಡುವೆ ಬರುವ ‘ಓಬೋನ್’ ಹಬ್ಬದಲ್ಲಿ ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡುತ್ತಾರೆ. ಹಿರಿಯರು ಬರುವಾಗ ಕುದುರೆಯ ಮೇಲೆ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನವಾಗಿ ಹೋಗಲಿ!

ಉಂಡೆ ಉಳಿಯಿತು, ಹುಳು ಹೋಯಿತು

ಇಷ್ಟು ಹೋಲಿಕೆಯ ನಡುವೆ ಎಚ್ಚರಿಕೆಯ ಪಾಠವೊಂದಿದೆ. ಗುನ್ಮ ಪ್ರಾಂತದ ತೊಮಿಯೊಕದಲ್ಲಿ 1872ರಲ್ಲಿ ಜಪಾನ್ ಸರ್ಕಾರ ಭಾರಿ ರೇಷ್ಮೆ ಕಾರ್ಖಾನೆ ತೆರೆಯಿತು. 1930ರ ಸುಮಾರಿಗೆ ಆ ದೇಶದಲ್ಲಿ ಹುಳು ಸಾಕುವ ರೈತ ಮನೆಗಳು 20 ಲಕ್ಷಕ್ಕೂ ಹೆಚ್ಚು. ಆಮೇಲೆ ನೈಲಾನ್ ಬಂತು, ಯುದ್ಧ ಬಂತು, ಅಗ್ಗದ ಆಮದು ಬಂತು, ಹಳ್ಳಿಯ ಹುಡುಗರು ಕಾರ್ಖಾನೆ ಕೆಲಸಕ್ಕೆ ಪಟ್ಟಣ ಸೇರಿದರು. ತೊಮಿಯೊಕ ಕಾರ್ಖಾನೆ 1987ರಲ್ಲಿ ನಿಂತಿತು. 2014ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಇಂದು ಇಡೀ ಜಪಾನಿನಲ್ಲಿ ರೇಷ್ಮೆ ಸಾಕುವ ಮನೆಗಳು 200ಕ್ಕಿಂತಲೂ ಕಡಿಮೆ.

ಆದರೂ ಗೂಡಿನ ಉಂಡೆ ಉಳಿದಿದೆ. ಹುಳುವನ್ನೇ ಕಾಣದ ಮಕ್ಕಳು ಗೂಡಿನಾಕಾರದ ಉಂಡೆ ಕಟ್ಟುತ್ತಾರೆ. ಊರಿನ ಹಿರಿಯರು ಹೇಳಿಕೊಟ್ಟರೆ ಅದರ ಅರ್ಥ ತಿಳಿಯುತ್ತದೆ, ಇಲ್ಲವಾದರೆ ಅದೊಂದು ಅಂದದ ತಿಂಡಿ ಅಷ್ಟೆ.

ನಮ್ಮಲ್ಲಿ ಕತೆ ಬೇರೆ ದಿಕ್ಕಿನಲ್ಲಿದೆ. ಇಲ್ಲಿ ಹುಳು ಇದೆ, ಸೊಪ್ಪು ಇದೆ, ಮಾರುಕಟ್ಟೆ ಇದೆ. ಆದರೆ ಹುಳು ಸಾಕಿ ಮಕ್ಕಳನ್ನು ಓದಿಸಿದ ತಂದೆತಾಯಿಯರೇ ‘ಈ ಕಷ್ಟ ನಿನಗೆ ಬೇಡ’ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮಗ ಬಿಡದಿಯ ಕಾರು ಕಾರ್ಖಾನೆಗೋ ಬೆಂಗಳೂರಿನ ಕಚೇರಿಗೋ ಹೋಗಲಿ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಮೇಲೆ ಕಿಚ್ಚು ಹಾಯುವ ದನಗಳೂ ಕಡಿಮೆಯಾಗಿವೆ. ಎಳ್ಳು-ಬೆಲ್ಲ ಪೊಟ್ಟಣದಲ್ಲಿ ಸಿಗುತ್ತದೆ. ಕಸುಬು ಬದಲಾಗುವುದನ್ನು ತಡೆಯಲಾಗದು. ಆದರೆ ಅಪ್ಪ-ಅಮ್ಮ ಯಾವ ಕೆಲಸದಿಂದ ತನಗೆ ಅನ್ನ ಹಾಕಿದರು ಎಂಬುದೇ ಮಗುವಿಗೆ ತಿಳಿಯದೆ ಹೋದರೆ ಅದು ನಷ್ಟ.

ಹಬ್ಬದ ಊಟ ಇರುವುದು ಅದನ್ನು ತಿಳಿಸುವುದಕ್ಕೆ. ಎತ್ತಿಗೆ ಮೊದಲ ತುತ್ತು ಏಕೆ? ಹಿರಿಯರ ಎಲೆಗೆ ಮೊದಲ ಬಡಿಸು ಏಕೆ? ಗೂಡಿನಂಥ ಉಂಡೆ ಏಕೆ? ಈ ‘ಏಕೆ’ಗಳಿಗೆಲ್ಲ ಉತ್ತರ ಒಂದೇ: ನಾವು ಯಾರ ಋಣದಲ್ಲಿದ್ದೇವೆ ಎಂಬ ಲೆಕ್ಕ. ಪಠ್ಯಪುಸ್ತಕದಲ್ಲಿ ಓದಿದರೆ ಪರೀಕ್ಷೆಯ ಮರುದಿನ ಮರೆಯುವ ಈ ಲೆಕ್ಕ, ಕೈಯಾರೆ ಮಾಡಿ ತಿಂದರೆ ಮರೆಯುವುದಿಲ್ಲ.

ತಂದೆತಾಯಿಯರು ಮಾಡಬಹುದಾದದ್ದು ದೊಡ್ಡದೇನಲ್ಲ. ಬಿಡುವಿನ ದಿನವೊಂದರ ಬೆಳಿಗ್ಗೆ ರಾಮನಗರದ ಗೂಡಿನ ಮಾರುಕಟ್ಟೆಯನ್ನು ಮಕ್ಕಳಿಗೆ ತೋರಿಸಬಹುದು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಅಲ್ಲಿಗೆ ಹತ್ತಿರದಲ್ಲೇ ಇದೆ. ಅಜ್ಜಿಯ ಕಾಲದ ಅಡುಗೆ ಸಾಮಾನು, ಬೇಸಾಯದ ಉಪಕರಣಗಳನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಮಕ್ಕಳನ್ನು ಟೀವಿ, ಮೊಬೈಲುಗಳ ಮುಂದೆ ಕೂರಿಸದೆ ಅವರೆಕಾಯಿ ಸುಲಿಯಲು, ಹಸುವಿನ ಮೈ ತೊಳೆಯಲು, ಹುಳುವಿಗೆ ಒಂದು ಹೊತ್ತಿನ ಸೊಪ್ಪು ಹಾಕಲು ಬಿಡಬೇಕು. ಮಕ್ಕಳೂ ಸುಮ್ಮನೆ ತಿಂದೇಳದೆ, ಈ ಅಡುಗೆ ಈ ದಿನವೇ ಏಕೆ ಎಂದು ಅಜ್ಜಿಯನ್ನು ಕೇಳಬೇಕು, ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಜಪಾನಿನ ಹಳ್ಳಿಗರು ಹುಳು ಹೋದ ಮೇಲೆ ಉಂಡೆಯನ್ನು ಹಿಡಿದುಕೊಂಡು ಹುಳುವಿನ ಕತೆ ಹೇಳುತ್ತಿದ್ದಾರೆ. ಇಲ್ಲಿ ಕತೆ ಹೇಳುವ ಅಜ್ಜಿಯೂ ಇದ್ದಾಳೆ, ಸೊಪ್ಪು ತಿನ್ನುವ ಹುಳುವೂ ಇದೆ. ಕೇಳಿಸಿಕೊಳ್ಳುವ ಕಿವಿಯೊಂದು ಬೇಕಷ್ಟೆ.