ಗೃಹನಿರ್ಮಿತ ಲಘು ವಿಮಾನ

ಗೃಹನಿರ್ಮಿತ ಲಘು ವಿಮಾನ ಎಂದರೆ ಹವ್ಯಾಸಿಯೊಬ್ಬರು ಅಥವಾ ಹವ್ಯಾಸಿಗಳ ಸಣ್ಣ ಗುಂಪು ಕಲಿಕೆಗಾಗಿ ಮತ್ತು ಸ್ವಂತ ಸಂತೋಷಕ್ಕಾಗಿ ತಾವೇ ಕಟ್ಟಿದ ಚಿಕ್ಕ ವಿಮಾನ. ಇಂತಹ ವಿಮಾನಗಳಲ್ಲಿ ಹೆಚ್ಚಿನವು ಒಂದು ಅಥವಾ ಎರಡು ಆಸನಗಳ, ಒಂದೇ ಇಂಜಿನ್‌ನ ವಿಮಾನಗಳು. ಕೆಲವರು ನಕ್ಷೆಯನ್ನು ಮಾತ್ರ ಕೊಂಡು ಪ್ರತಿಯೊಂದು ಭಾಗವನ್ನೂ ತಾವೇ ತಯಾರಿಸುತ್ತಾರೆ. ಇನ್ನು ಕೆಲವರು ಅರ್ಧ ಸಿದ್ಧವಾದ ಭಾಗಗಳ ಕಿಟ್ ತರಿಸಿ ಜೋಡಿಸುತ್ತಾರೆ. ಹಳೆಯ ಲಘು ವಿಮಾನಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಹಾರುವ ಸ್ಥಿತಿಗೆ ತರುವ ಪುನಶ್ಚೇತನ ಕಾರ್ಯವೂ ಇದೇ ಹವ್ಯಾಸದ ಭಾಗವಾಗಿದೆ.

ಕಾರ್ಖಾನೆಯ ವಿಮಾನದ ಪ್ರತಿಯೊಂದು ಮಾದರಿಗೂ ತಯಾರಕರು ಪರೀಕ್ಷೆಗಳನ್ನು ನಡೆಸಿ ಮಾದರಿ ಪ್ರಮಾಣಪತ್ರ ಪಡೆದಿರುತ್ತಾರೆ. ಗೃಹನಿರ್ಮಿತ ವಿಮಾನಕ್ಕೆ ಸಾಮಾನ್ಯವಾಗಿ ಅಂತಹ ಪ್ರಮಾಣಪತ್ರ ಇರುವುದಿಲ್ಲ. ಆದುದರಿಂದ ಅದರ ಸುರಕ್ಷತೆಯು ಮೂಲ ವಿನ್ಯಾಸ, ನಿರ್ಮಾಪಕರ ಕೆಲಸದ ಗುಣಮಟ್ಟ, ಹಂತಹಂತದ ತಪಾಸಣೆ ಮತ್ತು ಬರೆದಿಟ್ಟ ದಾಖಲೆಗಳನ್ನು ಅವಲಂಬಿಸಿರುತ್ತದೆ.

ಇತಿಹಾಸ

ವಿಮಾನಯಾನದ ಆರಂಭದ ದಿನಗಳಲ್ಲಿ ಎಲ್ಲ ವಿಮಾನಗಳೂ ಒಂದರ್ಥದಲ್ಲಿ ಗೃಹನಿರ್ಮಿತವೇ ಆಗಿದ್ದವು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಭಾಗಗಳು ಅವರ ಸೈಕಲ್ ಅಂಗಡಿಯಲ್ಲಿ ತಯಾರಾಗಿದ್ದವು. ಬ್ರೆಜಿಲ್ ಮೂಲದ ಆಲ್ಬರ್ಟೊ ಸಾಂಟೋಸ್ ಡುಮೊಂಟ್ ತಮ್ಮ ಪುಟ್ಟ ಡೆಮೊಸೆಲ್ ವಿಮಾನದ ವಿನ್ಯಾಸವನ್ನು ಯಾರು ಬೇಕಾದರೂ ಬಳಸಲು ಮುಕ್ತವಾಗಿ ಬಿಟ್ಟುಕೊಟ್ಟರು. ಅಮೆರಿಕದ ಮಿನ್ನೆಸೋಟ ರಾಜ್ಯದ ಬರ್ನಾರ್ಡ್ ಪೀಟನ್‌ಪೋಲ್ 1920ರ ದಶಕದ ಕೊನೆಯಲ್ಲಿ ಫೋರ್ಡ್ ಕಾರಿನ ಇಂಜಿನ್ ಅಳವಡಿಸಿದ ಏರ್ ಕ್ಯಾಂಪರ್ ಎಂಬ ಮರದ ವಿಮಾನವನ್ನು ರೂಪಿಸಿದರು. ಅದರ ನಕ್ಷೆಯನ್ನು ಅನುಸರಿಸಿ ಇಂದಿಗೂ ವಿಮಾನಗಳನ್ನು ಕಟ್ಟಲಾಗುತ್ತಿದೆ.

ಫ್ರಾನ್ಸಿನ ಹೆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ ಎಚ್‌ಎಂ-14 ವಿಮಾನವು 'ಹಾರುವ ಚಿಗಟ' ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಪ್ರಸಿದ್ಧವಾಯಿತು. ಯುರೋಪಿನ ಅನೇಕ ಹವ್ಯಾಸಿಗಳು ಇದನ್ನು ಕಟ್ಟಿದರು. ಆದರೆ ಹಲವರು ಅಪಘಾತಗಳಲ್ಲಿ ಸತ್ತರು. 1936ರಲ್ಲಿ ಗಾಳಿ ಸುರಂಗದಲ್ಲಿ ನಡೆದ ಪರೀಕ್ಷೆಗಳು ಕಾರಣವನ್ನು ತೋರಿಸಿದವು: ಮೂಗು ಕೆಳಗಾಗಿ ಕಡಿದಾಗಿ ಇಳಿಯುವಾಗ, ಒಂದರ ಹಿಂದೊಂದು ಇದ್ದ ಎರಡು ರೆಕ್ಕೆಗಳ ಪರಸ್ಪರ ಪ್ರಭಾವದಿಂದ ವಿಮಾನವು ಆ ಸ್ಥಿತಿಯಿಂದ ಮೇಲೇಳಲಾರದೆ ಹೋಗುತ್ತಿತ್ತು. ಎಷ್ಟೇ ಶ್ರದ್ಧೆಯಿಂದ ಕಟ್ಟಿದರೂ ವಿನ್ಯಾಸದಲ್ಲಿರುವ ದೋಷವನ್ನು ಕೈಕೆಲಸ ಮುಚ್ಚಲಾರದು ಎಂಬುದಕ್ಕೆ ಈ ಪ್ರಕರಣವನ್ನು ಉದಾಹರಿಸಲಾಗುತ್ತದೆ.

1953ರಲ್ಲಿ ಪಾಲ್ ಪೋಬೆರೆಜ್ನಿ ಅಮೆರಿಕದಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಸ್ಥಾಪಿಸಿದರು. 1970ರಿಂದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ನಡೆಯುತ್ತಿರುವ ಇದರ ಸಮ್ಮೇಳನವು ಹವ್ಯಾಸಿ ವಿಮಾನಗಳ ಪ್ರಮುಖ ಮೇಳವಾಗಿದೆ.

ಕರ್ನಾಟಕದಲ್ಲಿ

ಮೈಸೂರಿನ ಎಸ್. ವಿ. ಶೆಟ್ಟಿ (1879–1918) ಭಾರತದ ಮೊದಲ ವಿಮಾನ ಚಾಲಕರಲ್ಲಿ ಒಬ್ಬರೆಂದು ಪರಿಗಣಿತರಾಗಿದ್ದಾರೆ. ಅವರು 1910ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ತೆರಳಿ, ಎ. ವಿ. ರೋ ಅವರ ಸಂಸ್ಥೆಯಲ್ಲಿ ವಿಮಾನ ವಿದ್ಯೆಯನ್ನು ಕಲಿತರು.

ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿ ಹಾರಿತು. ಅದೇ ಸಂಸ್ಥೆಯ ಎರಡು ಆಸನಗಳ ಪುಷ್ಪಕ್ 1958ರಲ್ಲಿ ಹಾರಿತು. 90 ಅಶ್ವಶಕ್ತಿಯ ಇಂಜಿನ್ ಹೊಂದಿದ್ದ ಪುಷ್ಪಕ್ ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ದೀರ್ಘಕಾಲ ಬಳಕೆಯಲ್ಲಿತ್ತು. ಇವು ಗೃಹನಿರ್ಮಿತವಲ್ಲದಿದ್ದರೂ, ಭಾರತದಲ್ಲಿ ಹಳೆಯ ಲಘು ವಿಮಾನಗಳ ಪುನಶ್ಚೇತನದ ಮಾತು ಬಂದಾಗ ಉಲ್ಲೇಖವಾಗುವ ಮಾದರಿಗಳು.

ಹವ್ಯಾಸಿಗಳ ನಕ್ಷೆಯೊಂದು ರಾಷ್ಟ್ರೀಯ ಪ್ರಯೋಗಾಲಯದ ಕೆಲಸಕ್ಕೆ ನೆರವಾದ ನಿದರ್ಶನವೂ ಬೆಂಗಳೂರಿನಲ್ಲಿದೆ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ವಿಮಾನ ಕಟ್ಟುವವರಿಗಾಗಿ ಲಾಂಗ್-ಈಝಡ್ ಎಂಬ ವಿಮಾನವನ್ನು ವಿನ್ಯಾಸಗೊಳಿಸಿದ್ದರು. 1980ರ ದಶಕದಲ್ಲಿ ಎನ್‌ಎಎಲ್ ಸಂಸ್ಥೆಯು ಈ ವಿನ್ಯಾಸವನ್ನು ಆಧರಿಸಿ ಎಲ್‌ಸಿಆರ್‌ಎ ಎಂಬ ಸಂಶೋಧನಾ ವಿಮಾನವನ್ನು ಕಟ್ಟಿತು. ಗಾಜಿನ ನಾರು ಮತ್ತು ರಾಳದಿಂದ ವಿಮಾನ ಕಟ್ಟುವ ಅನುಭವ ಇದರಿಂದ ದೊರೆಯಿತು. ಮುಂದೆ ಇದೇ ಸಂಸ್ಥೆ ಸಂಯೋಜಿತ ವಸ್ತುಗಳಿಂದ ನಿರ್ಮಿಸಿದ ಹಂಸ ವಿಮಾನವು 1993ರ ನವೆಂಬರ್‌ನಲ್ಲಿ ಹಾರಿತು. ಹಂಸ-3 ಮಾದರಿಗೆ 2000ದಲ್ಲಿ ಪ್ರಮಾಣಪತ್ರ ದೊರೆಯಿತು. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್ ವಿಮಾನದ ಕಿಟ್‌ಗಳು ವಿದೇಶದ ಹವ್ಯಾಸಿಗಳನ್ನೂ ತಲುಪಿವೆ.

ನಿರ್ಮಾಣ

ಗೃಹನಿರ್ಮಿತ ವಿಮಾನಗಳ ನಿರ್ಮಾಣದಲ್ಲಿ ಮುಖ್ಯವಾಗಿ ನಾಲ್ಕು ವಿಧಾನಗಳಿವೆ.

ಮರ ಮತ್ತು ಬಟ್ಟೆ: ನೇರ ಎಳೆಯ, ಗಂಟುಗಳಿಲ್ಲದ ಸ್ಪ್ರೂಸ್ ಮರ ಹಾಗೂ ಪ್ಲೈವುಡ್‌ನಿಂದ ಚೌಕಟ್ಟು ಕಟ್ಟಿ, ಮೇಲೆ ಬಟ್ಟೆಯನ್ನು ಹೊದಿಸಲಾಗುತ್ತದೆ. ಬಡಗಿ ಕೆಲಸ ಬಲ್ಲವರಿಗೆ ಇದು ಸುಲಭ.
ಉಕ್ಕಿನ ಕೊಳವೆ: ಬೆಸುಗೆ ಹಾಕಿದ ತೆಳು ಕೊಳವೆಗಳಿಂದ ವಿಮಾನದ ಒಡಲನ್ನು ಕಟ್ಟಿ, ಬಟ್ಟೆ ಹೊದಿಸಲಾಗುತ್ತದೆ.
ಅಲ್ಯೂಮಿನಿಯಂ ತಗಡು: ತಗಡುಗಳನ್ನು ರಿವೆಟ್‌ಗಳಿಂದ ಜೋಡಿಸಲಾಗುತ್ತದೆ.
ಸಂಯೋಜಿತ ವಸ್ತು: ಫೋಮ್ ತುಂಡುಗಳನ್ನು ಆಕಾರಕ್ಕೆ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ರಾಳದಿಂದ ಅಂಟಿಸಲಾಗುತ್ತದೆ.

ಯಾವ ವಿಧಾನವಾದರೂ ಒಂದು ನಿಯಮ ಸಾಮಾನ್ಯ: ಒಳಭಾಗವನ್ನು ಮುಚ್ಚುವ ಮೊದಲು ಬೇರೊಬ್ಬ ಅನುಭವಿಯು ಅದನ್ನು ನೋಡಬೇಕು. ಬಟ್ಟೆ ಹೊದಿಸಿದ ಮೇಲೆ ಒಳಗಿನ ಅಂಟು ಕೂಡಿದೆಯೋ ಇಲ್ಲವೋ, ನಿಯಂತ್ರಣ ತಂತಿ ಎಲ್ಲಿಯಾದರೂ ಉಜ್ಜುತ್ತಿದೆಯೋ ಎಂಬುದು ಹೊರಗಿನಿಂದ ಕಾಣಿಸುವುದಿಲ್ಲ. ಜತೆಗೆ ಪ್ರತಿ ಹಂತದ ಛಾಯಾಚಿತ್ರ ಮತ್ತು ದಿನಚರಿಯನ್ನು ಇಡಲಾಗುತ್ತದೆ. ಅಂಟಿಸುವ ಪ್ರತಿ ಸಲವೂ ಅದೇ ಅಂಟಿನಿಂದ ಒಂದು ಮಾದರಿ ತುಂಡನ್ನು ಅಂಟಿಸಿಟ್ಟು, ಒಣಗಿದ ಮೇಲೆ ಅದನ್ನು ಮುರಿದು ನೋಡುವುದು ರೂಢಿ. ಅಂಟಿನ ಜಾಗದ ಬದಲು ಮರವೇ ಸೀಳಿದರೆ ಅಂಟು ಸರಿಯಾಗಿ ಹಿಡಿದಿದೆ ಎಂದರ್ಥ.

ಹಳೆಯ ವಿಮಾನಗಳ ಪುನಶ್ಚೇತನ

ಹಳೆಯ ವಿಮಾನವನ್ನು ಮೊದಲು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಗುರುತಿಸಿ ಇಡಲಾಗುತ್ತದೆ. ಹೊರಗಿನ ಬಣ್ಣ ಚೆನ್ನಾಗಿದ್ದರೂ ಒಳಗಿನ ಚೌಕಟ್ಟು ಸುಸ್ಥಿತಿಯಲ್ಲಿದೆ ಎಂದು ಭಾವಿಸುವಂತಿಲ್ಲ. ಹಳೆಯ ಮರದ ವಿಮಾನಗಳಲ್ಲಿ ಹಾಲಿನ ಪ್ರೋಟೀನ್‌ನಿಂದ ತಯಾರಿಸಿದ ಕೇಸೀನ್ ಅಂಟು ಬಳಕೆಯಲ್ಲಿತ್ತು. ತೇವ ತಗುಲಿದರೆ ಇದಕ್ಕೆ ಬೂಷ್ಟು ಹಿಡಿದು ಹಿಡಿತ ಸಡಿಲವಾಗುತ್ತದೆ. ಉಕ್ಕಿನ ಕೊಳವೆಗಳು ನೀರು ನಿಲ್ಲುವ ಕೆಳಭಾಗದಲ್ಲಿ ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. ಹಿಂದಿನ ಹತ್ತಿ ಮತ್ತು ನಾರಗಸೆ ಬಟ್ಟೆಗಳು ಬಿಸಿಲಿಗೆ ಬಲ ಕಳೆದುಕೊಳ್ಳುತ್ತಿದ್ದವು. ಈಗ ಪಾಲಿಯೆಸ್ಟರ್ ಬಟ್ಟೆಯನ್ನು ಹೊದಿಸಿ, ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಲೇಪನ ಬಳಿಯಲಾಗುತ್ತದೆ.

ಪುನಶ್ಚೇತನದಲ್ಲಿ ಎರಡು ಗುರಿಗಳ ನಡುವೆ ಹಲವೊಮ್ಮೆ ತಿಕ್ಕಾಟವಿರುತ್ತದೆ. ವಸ್ತುಸಂಗ್ರಹಾಲಯಕ್ಕೆ ಮೂಲ ಭಾಗಗಳು ಉಳಿಯುವುದು ಮುಖ್ಯ. ಹಾರಬೇಕಾದ ವಿಮಾನದಲ್ಲಿ ಸಂಶಯವಿರುವ ಭಾಗವನ್ನು, ಅದು ಎಷ್ಟೇ ಹಳೆಯದಾಗಿ ಅಮೂಲ್ಯವಾಗಿದ್ದರೂ, ಬದಲಾಯಿಸಲೇಬೇಕಾಗುತ್ತದೆ.

ಮೊದಲ ಹಾರಾಟ

ಹಾರಾಟಕ್ಕೆ ಮುನ್ನ ವಿಮಾನವನ್ನು ತೂಗಿ ಗುರುತ್ವ ಕೇಂದ್ರವನ್ನು ಲೆಕ್ಕ ಹಾಕಲಾಗುತ್ತದೆ. ಈ ಕೇಂದ್ರವು ಮಿತಿಗಿಂತ ಹಿಂದೆ ಸರಿದಿದ್ದರೆ ವಿಮಾನವು ಅಸ್ಥಿರವಾಗಿ, ಮೂಗನ್ನು ಕೆಳಗಿಳಿಸುವುದೇ ಕಷ್ಟವಾಗಬಹುದು. ನಂತರ ಇಂಧನದ ಹರಿವು ಮತ್ತು ನಿಯಂತ್ರಣಗಳ ಚಲನೆಯ ದಿಕ್ಕನ್ನು ಪರೀಕ್ಷಿಸಲಾಗುತ್ತದೆ. ಏಲಿರಾನ್ ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರೆ ಚಾಲಕ ಬಲಕ್ಕೆ ತಿರುಗಿಸಿದಾಗ ವಿಮಾನ ಎಡಕ್ಕೆ ವಾಲುತ್ತದೆ. ಮೊದಲ ಹಾರಾಟಗಳಲ್ಲಿ ಚಾಲಕರೊಬ್ಬರೇ ಇರುತ್ತಾರೆ. ಸಾಕಷ್ಟು ಎತ್ತರಕ್ಕೆ ಏರಿದ ಮೇಲೆ, ರೆಕ್ಕೆಯು ಎತ್ತುವ ಬಲ ಕಳೆದುಕೊಳ್ಳುವ 'ಸ್ಟಾಲ್' ಸ್ಥಿತಿ ಯಾವ ವೇಗದಲ್ಲಿ ಬರುತ್ತದೆ ಎಂಬುದನ್ನು ಗುರುತಿಸಲಾಗುತ್ತದೆ. ನೆಲಕ್ಕಿಳಿಯುವ ಸುರಕ್ಷಿತ ವೇಗವನ್ನು ಇದರಿಂದಲೇ ನಿರ್ಧರಿಸುತ್ತಾರೆ.

ಭಾರತದಲ್ಲಿನ ನಿಯಮಗಳು

ಭಾರತದಲ್ಲಿ ವಿಮಾನಗಳ ನೋಂದಣಿ ಮತ್ತು ಹಾರಾಟದ ಅನುಮತಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತವೆ. ಭಾರತೀಯ ನಾಗರಿಕ ವಿಮಾನಗಳ ನೋಂದಣಿ ಗುರುತು 'ವಿಟಿ' ಅಕ್ಷರಗಳಿಂದ ಆರಂಭವಾಗುತ್ತದೆ. ಸ್ವಂತವಾಗಿ ಕಟ್ಟಿದ ವಿಮಾನವನ್ನೂ ನೋಂದಣಿ ಮತ್ತು ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಮುಂಬಯಿಯ ವಿಮಾನ ಚಾಲಕ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯಲ್ಲಿ ಕಟ್ಟಿದ ವಿಮಾನವು 2016ರಲ್ಲಿ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ಕಾಣಿಸಿಕೊಂಡು ಗಮನ ಸೆಳೆಯಿತು. ಅದರ ನೋಂದಣಿ ದೊರೆತದ್ದು 2017ರಲ್ಲಿ. ವಿಮಾನ ಕಟ್ಟುವಷ್ಟೇ ಶ್ರಮ ಅನುಮತಿ ಪಡೆಯುವುದಕ್ಕೂ ಬೇಕಾಗಬಹುದು ಎಂಬುದನ್ನು ಈ ಪ್ರಕರಣ ತೋರಿಸಿತು.

ಕೊಡಗಿನ ಪರಿಸ್ಥಿತಿ

ಕೊಡಗು ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ದಕ್ಷಿಣ ಕೊಡಗಿನ ಪೊನ್ನಂಪೇಟೆ ಭಾಗವು ಪ್ರವಾಸಿಗರ ಮೈಕ್ರೋಲೈಟ್ ಹಾರಾಟದಿಂದ ಪರಿಚಿತವಾಗಿದೆ. ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯಲ್ಲಿರುವ ಬಿಟ್ಟಂಗಾಲದ ಸುತ್ತಲಿನ ಕಾಫಿ ತೋಟ ಮತ್ತು ಗದ್ದೆಗಳ ಪ್ರದೇಶವು ಲಘು ವಿಮಾನಕ್ಕೆ ಮಲೆನಾಡು ಒಡ್ಡುವ ತೊಡಕುಗಳನ್ನು ಅರಿಯಲು ತಕ್ಕ ಉದಾಹರಣೆ.

ಮೊದಲನೆಯದು ಎತ್ತರ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ಸ್ಥಳದಲ್ಲಿ ತಾಪಮಾನ 28 ಡಿಗ್ರಿ ಸೆಲ್ಸಿಯಸ್ ಇದ್ದರೆ, ಗಾಳಿಯ ಸಾಂದ್ರತೆಯು ಸಮುದ್ರ ಮಟ್ಟದ ಪ್ರಮಾಣಿತ ಸಾಂದ್ರತೆಗಿಂತ ಸುಮಾರು ಶೇ. 14ರಷ್ಟು ಕಡಿಮೆಯಾಗುತ್ತದೆ. ಇಂಜಿನ್, ಪ್ರೊಪೆಲ್ಲರ್ ಮತ್ತು ರೆಕ್ಕೆ ಮೂರೂ ಇದರಿಂದ ದುರ್ಬಲಗೊಂಡು, ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ. ಎತ್ತರದ ಮರಗಳಿಂದ ಸುತ್ತುವರಿದ ಗದ್ದೆಬಯಲಿನಲ್ಲಿ ಆ ಹೆಚ್ಚಿನ ದೂರ ಸಿಗದಿರಬಹುದು.

ಎರಡನೆಯದು ತೇವಾಂಶ. ಕಾರ್ಬ್ಯುರೇಟರ್ ಒಳಗೆ ಇಂಧನ ಆವಿಯಾಗುವಾಗ ಗಾಳಿ ತಣ್ಣಗಾಗುತ್ತದೆ. ಹೊರಗೆ 20 ಡಿಗ್ರಿ ಇರುವಾಗಲೂ ಅಲ್ಲಿ ಮಂಜುಗಡ್ಡೆ ಕಟ್ಟಿ ಇಂಜಿನ್‌ನ ಶಕ್ತಿ ಕುಗ್ಗಬಹುದು. ಇದನ್ನು ತಡೆಯಲು ಹಳೆಯ ಇಂಜಿನ್‌ಗಳಲ್ಲಿ ಬಿಸಿ ಗಾಳಿಯನ್ನು ಹಾಯಿಸುವ ವ್ಯವಸ್ಥೆ ಇರುತ್ತದೆ.

ಮೂರನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಹುಲ್ಲಿನ ನೆಲ ಕೆಸರಾಗುತ್ತದೆ. ತಗ್ಗಿನ ಮೋಡಗಳು ಬೆಟ್ಟಗಳನ್ನು ಮರೆಮಾಡುತ್ತವೆ. ಮರ ಮತ್ತು ಬಟ್ಟೆಯ ವಿಮಾನವನ್ನು ಈ ಅವಧಿಯಲ್ಲಿ ಗಾಳಿಯಾಡುವ ಒಣ ಕೊಟ್ಟಿಗೆಯಲ್ಲಿ ಇಡದಿದ್ದರೆ, ಹಾರಾಟವಿಲ್ಲದೆ ನಿಂತಲ್ಲಿಯೇ ಅದು ಹಾಳಾಗುತ್ತದೆ. ಆದ್ದರಿಂದ ಮಳೆ ಕಳೆದ ಮೇಲೆ ಅಂಟಿನ ಕೂಡಿಕೆ, ತಂತಿ ಮತ್ತು ಇಂಧನ ತೊಟ್ಟಿಯಲ್ಲಿ ಸೇರಿರಬಹುದಾದ ನೀರನ್ನು ಪರೀಕ್ಷಿಸಿದ ನಂತರವೇ ಹಾರಾಟ ಆರಂಭಿಸಬೇಕಾಗುತ್ತದೆ.