ಕಾರಿನೊಳಗೆ ಗಾಯಕಿ ಎಲ್ಲಿ ನಿಲ್ಲಬೇಕು?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಸ್ಪೀಕರ್ ಹಾಕಿಸಲು ಹೋದವರು ಮೊದಲು ಕೇಳುವುದು ವಾಟ್ ಎಷ್ಟು, ಬಾಸ್ ಹೇಗಿದೆ ಅಂತ. ಟ್ವೀಟರನ್ನು ಎಲ್ಲಿ ಕೂರಿಸುತ್ತೀರಿ, ಎಷ್ಟು ಹರ್ಟ್ಸ್‌ನಿಂದ ಮೇಲಿನ ಸದ್ದನ್ನು ಅದಕ್ಕೆ ಬಿಡುತ್ತೀರಿ ಎಂದು ವಿಚಾರಿಸುವವರು ಕಡಿಮೆ. ಹಾಡು ಹಿತವಾಗಿ ಕೇಳುವುದು ಬಹುಪಾಲು ಈ ಎರಡರಿಂದ. ಇವನ್ನು ಬೇರೆ ಬೇರೆಯಾಗಿ ನೋಡುವಂತೆಯೂ ಇಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ಸರಿಮಾಡಬೇಕು.

ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಅಷ್ಟನ್ನೂ ಒಂದೇ ಸ್ಪೀಕರ್ ಚೆನ್ನಾಗಿ ನುಡಿಸಲಾರದು. ಬಾಗಿಲಲ್ಲಿರುವ ಆರೂವರೆ ಇಂಚಿನ ವೂಫರ್‌ನ ಕೋನ್ ಸುಮಾರು 13 ಸೆಂ.ಮೀ. ಅಗಲ. ಸದ್ದಿನ ತರಂಗ ಇದಕ್ಕಿಂತ ಗಿಡ್ಡವಾದಾಗ, ಅಂದರೆ 2,600 ಹರ್ಟ್ಸ್ ದಾಟಿದ ಮೇಲೆ, ಅದು ಸುತ್ತ ಹರಡುವುದು ಕಡಿಮೆಯಾಗಿ ನೇರ ಮುಂದಕ್ಕೇ ಹೋಗತೊಡಗುತ್ತದೆ. ಬಾಗಿಲ ಸ್ಪೀಕರಿನ ಮುಂದಿರುವುದು ನಮ್ಮ ಮೊಣಕಾಲು. ಕಿವಿ ಎಲ್ಲೋ ಮೇಲೆ, ಪಕ್ಕಕ್ಕೆ ಇದೆ. ಅದಕ್ಕೇ ಮೇಲಿನ ಸದ್ದಿಗೆ ಒಂದಿಂಚಿನ ಟ್ವೀಟರ್ ಬೇಕಾಗುವುದು. ಯಾವ ಸದ್ದು ಯಾವ ಸ್ಪೀಕರಿಗೆ ಎಂದು ಪಾಲು ಮಾಡುವುದು ಕ್ರಾಸ್ಓವರ್‌ನ ಕೆಲಸ.

ಅಗ್ಗದ ಟ್ವೀಟರುಗಳ ವೈರಿನಲ್ಲಿ ಬೆರಳ ತುದಿಯಷ್ಟು ದೊಡ್ಡ ಕೆಪ್ಯಾಸಿಟರ್ ಒಂದು ನೇತಾಡುತ್ತಿರುತ್ತದೆ. ಅದೇ ಅದರ ಕ್ರಾಸ್ಓವರ್. 4 ಓಮ್ ಟ್ವೀಟರಿಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4,000 ಹರ್ಟ್ಸ್‌ನಿಂದ ಕೆಳಗೆ ಸದ್ದು ಕುಗ್ಗುತ್ತ ಹೋಗುತ್ತದೆ. ಆದರೆ ಒಂದು ಸ್ಥಾಯಿ ಇಳಿದರೆ 6 ಡೆಸಿಬೆಲ್ ಮಾತ್ರ ಕಡಿಮೆ. ಇಷ್ಟು ಮೆಲ್ಲನೆ ಇಳಿದರೆ ಕೆಳಗಿನ ಸದ್ದೂ ಸಾಕಷ್ಟು ನುಸುಳುತ್ತದೆ. ಅದೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಯಬೇಕಾದರೆ ಟ್ವೀಟರಿನ ಪುಟ್ಟ ಗುಮ್ಮಟ ನಾಲ್ಕು ಪಟ್ಟು ಹೆಚ್ಚು ಓಲಾಡಬೇಕು. ವಾಲ್ಯೂಮ್ ಏರಿಸಿದಾಗ ಅದು ಕಿರುಚುವುದು, ಕೊನೆಗೆ ಸುಟ್ಟುಹೋಗುವುದು ಬಹಳ ಸಲ ಇದರಿಂದಲೇ.

ಹಾಗಾದರೆ ಕ್ರಾಸ್ಓವರನ್ನು 5,000 ಹರ್ಟ್ಸ್‌ಗೆ ಏರಿಸಿ ನಿಶ್ಚಿಂತೆಯಾಗಿರಬಹುದಲ್ಲ? ಟ್ವೀಟರ್ ಉಳಿಯುತ್ತದೆ, ಹಾಡು ಒಡೆಯುತ್ತದೆ. ಗಾಯಕಿ ‘ಸರಸ್ವತಿ’ ಎಂದು ಹಾಡಿದಳೆನ್ನಿ. ‘ಸ’ಕಾರದ ಸೀಳುಸದ್ದಿನ ಬಲವೆಲ್ಲ 5,000 ಹರ್ಟ್ಸ್‌ನ ಆಸುಪಾಸು ಮತ್ತು ಮೇಲೆ, ಸ್ವರಗಳ ತಿರುಳು ಇರುವುದು ಅದಕ್ಕಿಂತ ಬಹಳ ಕೆಳಗೆ. ಟ್ವೀಟರ್ ಕನ್ನಡಿಯ ಪಕ್ಕ, ವೂಫರ್ ಕಾಲ ಬಳಿ ಇದ್ದರೆ ‘ಸ’ ಮೇಲಿಂದ ಬರುತ್ತದೆ, ‘ರ’ ಮೊಣಕಾಲ ಹತ್ತಿರದಿಂದ, ಮತ್ತೆ ‘ಸ್’ ಮೇಲಿಂದ. ಒಂದೇ ಹೆಸರು ಡ್ಯಾಶ್‌ಬೋರ್ಡಿಗೂ ಬಾಗಿಲಿಗೂ ಹಾರಾಡುತ್ತದೆ.

ಇದಕ್ಕೆ ದಾರಿ ಎರಡು. ಟ್ವೀಟರನ್ನು ವೂಫರ್ ಹತ್ತಿರಕ್ಕೆ ಇಳಿಸುವುದು ಒಂದು. ಆಗ ಸದ್ದು ಒಂದಾಗುತ್ತದೆ, ಆದರೆ ಹಾಡೆಲ್ಲ ಕಾಲ ಬುಡದಲ್ಲಿ. ಸದ್ದಿನ ಎತ್ತರವನ್ನು ನಾವು ಅರಿಯುವುದು ಹೊರಕಿವಿಯ ಮಡಿಕೆಗಳು ಮೇಲಿನ ಆವರ್ತನಗಳನ್ನು ತಿದ್ದುವ ಬಗೆಯಿಂದ. ಟ್ವೀಟರ್ ಎತ್ತರದಲ್ಲಿದ್ದರೆ ಹಾಡೂ ಎತ್ತರದಿಂದ ಬಂದಂತೆ ಕೇಳುತ್ತದೆ. ಹಾಗಾಗಿ ನನ್ನ ಒಲವು ಎರಡನೆಯದರತ್ತ: ಟ್ವೀಟರ್ ಮೇಲೇ ಇರಲಿ, ಕ್ರಾಸ್ಓವರ್ 2,500–3,000 ಹರ್ಟ್ಸ್‌ಗೆ ಇಳಿಯಲಿ, ಇಳಿಜಾರು ಕಡಿದಾಗಿರಲಿ. ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿದ್ದ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ, ಸಹೋದ್ಯೋಗಿ ರಸ್ ರೈಲಿಯ ಹೆಸರೂ ಸೇರಿರುವ ಲಿಂಕ್‌ವಿಟ್ಜ್-ರೈಲಿ ಕ್ರಾಸ್ಓವರ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಹೆಚ್ಚು ಬಳಕೆಯ ರೂಪದಲ್ಲಿ ಸ್ಥಾಯಿಗೆ 24 ಡೆಸಿಬೆಲ್ ಇಳಿಕೆ. ಟ್ವೀಟರಿನ ಸ್ವಂತ ಅನುರಣನ ಆವರ್ತನದ ಎರಡು ಪಟ್ಟಿಗಿಂತ ಕೆಳಗೆ ಮಾತ್ರ ಹೋಗಬಾರದು. ಆ ಸಂಖ್ಯೆ ಡಬ್ಬಿಯೊಳಗಿನ ಕಾಗದದಲ್ಲಿ ಸಾಮಾನ್ಯವಾಗಿ ಇರುತ್ತದೆ.

ಇನ್ನು ಜಾಗದ ಲೆಕ್ಕ. 3,000 ಹರ್ಟ್ಸ್‌ನ ತರಂಗ ಹನ್ನೊಂದೂವರೆ ಸೆಂ.ಮೀ. ಉದ್ದ. ಅದರ ಅರ್ಧ ಮೂರು ಬೆರಳಗಲ. ವೂಫರ್ ಮತ್ತು ಟ್ವೀಟರ್ ಒಂದೇ ಹೊತ್ತಿಗೆ ತಳ್ಳುತ್ತಿದ್ದರೂ, ಕಿವಿಗೆ ಬರುವ ದಾರಿಯಲ್ಲಿ ಆ ಮೂರು ಬೆರಳಗಲದ ವ್ಯತ್ಯಾಸ ಬಿದ್ದರೆ ಎರಡೂ ಪಾಲು ಸೇರುವ ಕಡೆಯೇ ಸದ್ದು ಒಂದನ್ನೊಂದು ಅಳಿಸಿಬಿಡುತ್ತದೆ. ಆದ್ದರಿಂದ ಮುಂಗಾಜಿನ ಪಕ್ಕದ ಕಂಬ, ಅಂದರೆ ಪಿಲ್ಲರ್ ಕೊರೆಯುವ ಮುನ್ನ ಟ್ವೀಟರನ್ನು ಡಬಲ್ ಟೇಪಿನಲ್ಲಿ ಅಂಟಿಸಿ, ಒಂದೇ ಕಡೆಯ ಸ್ಪೀಕರ್ ಹಾಕಿ, ಒಂದೇ ಕಂಠವಿರುವ ಹಾಡು ಕೇಳಿ. ಟ್ವೀಟರಿನ ಪ್ಲಸ್-ಮೈನಸ್ ಅದಲುಬದಲು ಮಾಡಿ ಮತ್ತೆ ಕೇಳಿ. ಯಾವುದರಲ್ಲಿ ಕಂಠ ತುಂಬಿ ಬರುತ್ತದೋ ಅದು ಸರಿ. ಗಾಜಿನ ಹತ್ತಿರವಾದರೆ ಇನ್ನೊಂದು ತೊಡಕು. ಗಾಜಿಗೆ ಬಡಿದು ಬರುವ ಸದ್ದು 10 ಸೆಂ.ಮೀ. ಹೆಚ್ಚು ಸಾಗಿದರೆ 5,100 ಹರ್ಟ್ಸ್ ಸುತ್ತ ಒಂದು ಹಳ್ಳ ಬೀಳುತ್ತದೆ. ಪಿಲ್ಲರಿನೊಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲಿ ಕೈ ಹಾಕಲೇಬೇಡಿ.

ಡ್ರೈವರ್ ಬಲಕ್ಕೆ ಕೂರುವ ನಮ್ಮ ಕಾರುಗಳಲ್ಲಿ ಬಲಗಡೆಯ ಸ್ಪೀಕರ್ ಕಿವಿಗೆ 80 ಸೆಂ.ಮೀ., ಎಡಗಡೆಯದು 140 ಸೆಂ.ಮೀ. ದೂರ ಎಂದಿಟ್ಟುಕೊಳ್ಳಿ. ಎಡದ ಸದ್ದು 1.75 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅತ್ತ ಪೂರ್ತಿ ಪಕ್ಕದಿಂದ ಬಂದ ಸದ್ದಿಗೂ ನಮ್ಮ ಎರಡು ಕಿವಿಗಳ ನಡುವೆ ಬೀಳುವ ಅಂತರ 0.7 ಮಿಲಿಸೆಕೆಂಡಿಗಿಂತ ಹೆಚ್ಚಿಲ್ಲ! ಮೊದಲು ಬಂದ ಸದ್ದಿನ ಕಡೆಗೇ ಮೆದುಳು ವಾಲುವುದರಿಂದ ಗಾಯಕಿ ಬಲ ಬಾಗಿಲಿಗೆ ಅಂಟಿಕೊಳ್ಳುತ್ತಾಳೆ. ಸಾಲದ್ದಕ್ಕೆ 285 ಹರ್ಟ್ಸ್ ಸುಮಾರಿಗೆ ಎಡ-ಬಲ ಪರಸ್ಪರ ಅಳಿಸಿ ಕಂಠ ತೆಳ್ಳಗಾಗುತ್ತದೆ. ಟೈಮ್ ಅಲೈನ್‌ಮೆಂಟ್ ಇರುವ ಹೆಡ್ ಯೂನಿಟ್ ಅಥವಾ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಇದ್ದರೆ ಟೇಪಿನಲ್ಲಿ ಅಳೆದು, ಹತ್ತಿರದ ಸ್ಪೀಕರನ್ನು ಅಷ್ಟೇ ತಡಮಾಡಿಸಬಹುದು. ಅದಿಲ್ಲದವರು ಬಲದ ಟ್ವೀಟರಿನ ಮುಖವನ್ನು ಎಡಸೀಟಿನತ್ತ ತಿರುಗಿಸಿ, ಬ್ಯಾಲೆನ್ಸನ್ನು ಸ್ವಲ್ಪ ಎಡಕ್ಕೆ ಸರಿಸಿದರೂ ಎಷ್ಟೋ ವಾಸಿ.

ಸಬ್ ವೂಫರಿಗೆ ಈ ಯಾವ ತಾಪತ್ರಯವೂ ಅಷ್ಟಿಲ್ಲ. 80 ಹರ್ಟ್ಸ್‌ನ ತರಂಗ ನಾಲ್ಕು ಮೀಟರಿಗಿಂತ ಉದ್ದ; ಅದು ಡಿಕ್ಕಿಯಿಂದ ಬಂತೋ ಮುಂದಿನಿಂದ ಬಂತೋ ಕಿವಿಗೆ ಗೊತ್ತಾಗುವುದು ಕಷ್ಟ.

ಟೈಮ್ ಅಲೈನ್‌ಮೆಂಟಿನಲ್ಲಿ ಒಂದು ಸೀಟಿಗೆಂದು ಹೊಂದಿಸಿದ ತಡ ಇನ್ನೊಂದು ಸೀಟಿಗೆ ತಿರುಗುಬಾಣವೇ. ಡ್ರೈವರಿಗೆ ಗಾಯಕಿ ನಡುಮಧ್ಯೆ ಬಂದಾಗ ಪಕ್ಕದವರಿಗೆ ಆಕೆ ಎಡಗಾಜಿನ ಕಡೆಗೆ ಇನ್ನಷ್ಟು ಸರಿದಿರುತ್ತಾಳೆ. ಮನೆಮಂದಿಯೆಲ್ಲ ಹೊರಟಾಗ ಬಳಸಲು, ತಡವೇ ಇಲ್ಲದ ಇನ್ನೊಂದು ಸೆಟ್ಟಿಂಗನ್ನು ಎರಡನೇ ಪ್ರೀಸೆಟ್‌ನಲ್ಲಿ ಉಳಿಸಿಟ್ಟುಕೊಳ್ಳಿ.